ಅಡಿಗೆರಿ

ದಾವಲಸಾಬರ ಕೆಂಪು ವಹಿಯಾಗ ಹೆಸರು ಹಿಂಗಿದ್ದವು:
ಫಕ್ಕೀರವ್ವ / ಮೋಟೆಬೆನ್ನೂರಿನಾಕಿ,
ಫಕ್ಕೀರವ್ವ (ಕಣ್ಣಾಸ್ಪತ್ರಿ ಬಾಜೂಕ),
೨ನೇ ಸಾಲಿನ ಮೂಲ್ಯಾಗ ಕೂಡೂ ಮಾಬೂಬಿ,
ಹುಚ್ಚಮ್ಮನ ಸೊಸಿ, ಹೆಸರು ಕೇಳಿದರ ಹೇಳವಲ್ಲಳು.
ಒಬ್ಬೊಬ್ಬರಿಗೊಂದು ಕಾಲಮ್ಮು, ದಿನಕ್ಕೊಂದು ಸಾಲು,
ತೊಟ್ಟು ಬಿಡಿಸಿದ ಮೆಣಸಿನಕಾಯಿ ಇಂತಿಷ್ಟು ಕಿಲೋ.

ಬ್ಯಾಡಗಿ ಮಾರ್ಕೆಟ್ಟಿನ ಹಿಂದಿನ ಶೆಡ್ಡು.
ಸೀನು ಮುಗಿದ ಮ್ಯಾಲೆ ಕೆಮ್ಮು, ಕೆಮ್ಮು ಮುಗಿದ ಮ್ಯಾಲೆ ಮಾತು.
ನನಗ ಮಾತ್ರ ಫ್ಯಾನಿನ ಕೆಳಗ ಕುರ್ಚಿ, ಮುಂದ ಕಂಪ್ಯೂಟರ್.
ಸಾಹುಕಾರರು ಹೊಸ ತಂತ್ರಾಂಶ ತರಿಸ್ಯಾರ:
"ವಹಿ ಎಲ್ಲಾ ಅದಕ್ಕ ಉಣಿಸು, ಬ್ಯಾಂಕಿನವರು ಕೇಳ್ಯಾರ."

ಉಣಿಸಿದೆ. ಉಗುಳಿತು.
ಓರೆಗೆರಿ ಕೂಡದು. ಮೋಟೆಬೆನ್ನೂರು ಹೋತು.
ಕಂಸ ಕೂಡದು. ಕಣ್ಣಾಸ್ಪತ್ರಿ ಹೋತು.
ಅಂಕಿಯಿಂದ ಶುರು ಆಗಬಾರದು:
ಕೂತ ಮೂಲಿ ಬಿಟ್ಟು ಮಾಬೂಬಿ ಎದ್ದು ಬಂದಳು.
ಮೂವತ್ತಕ್ಷರ ದಾಟಬಾರದು: ಹುಚ್ಚಮ್ಮನ ಸೊಸಿ
"ಹೆಸರು ಕೇಳಿದ" ಅನ್ನೂದರಾಗ ತುಂಡಾಗಿ ನಿಂತಳು.
ಕನ್ನಡ ಕೂಡದು ಅನ್ನೂದನ್ನ ಅದು ಬಾಯಿಬಿಟ್ಟು ಹೇಳಲಿಲ್ಲ,
ಹೆಸರಿದ್ದಲ್ಲಿ ಪ್ರಶ್ನೆ ಚಿಹ್ನೆಗಳು ಸಾಲುಗಟ್ಟಿ ನಿಂತವು,
ಯಾರ ಹೆಸರಿಗೆ ಎಷ್ಟು ಅಕ್ಷರವೋ ಅಷ್ಟು.
ಆತು, ಇಂಗ್ಲಿಷಿನಾಗ ಡೇಟ್ ಅಂತ ಬರದೆ.
ಅದು ತನಗಂತ ಕಾದಿಟ್ಟ ಶಬ್ದವಂತ, ನಾವು ಮುಟ್ಟಾಂಗಿಲ್ಲ.
ಮತ್ತ ಇವತ್ತಿಗೆ ನಾ ಏನಂತ ಕರೀಲಿ?

ಸಂಜಿಮಟ ಕುಂತು ಒಂದೊಂದೇ ತೊಟ್ಟು ಮುರದೆ.
ಹೊರಗ ಅವರೂ ಅದನ್ನ ಮಾಡತಿದ್ದರು, ಉಗುರು ಉರಿಸ್ಕೊಂಡು;
ಅವರಿಗೆ ಕಿಲೋ ಲೆಕ್ಕ, ನನಗ ತಿಂಗಳ ಲೆಕ್ಕ.
ಕಡೀಕ ಉಳದದ್ದು:
ಫಕ್ಕೀರವ್ವ, ಅಡಿಗೆರಿ, ಒಂದು.
ಫಕ್ಕೀರವ್ವ, ಅಡಿಗೆರಿ, ಎರಡು.

ಶನಿವಾರ ಬಟವಾಡೆ. ಚೀಟಿ ಹಿಡಕೊಂಡು
ಕಣ್ಣಾಸ್ಪತ್ರಿ ಬಾಜೂದಾಕಿ ಕಿಟಿಕಿಗೆ ಬಂದಳು.
"ಇದೇನೋ, ಗೆರಿ?"
"ನಡುವ ಜಾಗ ಖಾಲಿ ಬಿಡಾಂಗಿಲ್ಲ ಚಿಗವ್ವ, ಅದಕ್ಕ."
"ಈ ಎರಡು?"
"ನಿಮ್ಮಿಬ್ಬರದೂ ಒಂದ ಹೆಸರು."
"ಮತ್ತ ಒಂದು ಯಾರು? ಆಕೀನಾ?
ನಾ ಈ ಶೆಡ್ಡಿಗೆ ಬಂದಾಗ ಆಕಿ ಇನ್ನೂ ಲಂಗದಾಗಿದ್ದಳು!"
ಹಿಂದ ಇಪ್ಪತ್ತು ಮಂದಿ ನಕ್ಕರು. ನಗು ಕೆಮ್ಮಾತು.

ಅದಲುಬದಲು ಮಾಡಾಕ ಕುಂತೆ.
ಎರಡನ್ನ ಒಂದು ಮಾಡಿದರ: ಆ ಹೆಸರು ಆಗಲೇ ಐತಿ.
ಒಂದನ್ನ ಎರಡು ಮಾಡಿದರ: ಅದೂ ಐತಿ.
ಇಬ್ಬರೊಳಗ ಒಬ್ಬಾಕಿ ಸ್ವಲ್ಪ ಹೊತ್ತು
ಬ್ಯಾರೆ ಯಾರರೆ ಆಗಿ ನಿಲ್ಲಬೇಕು, ಇನ್ನೊಬ್ಬಾಕಿ ಸರಿಯೂಮಟ.
ಕೈ ತಾನ ಒತ್ತಿತು: ನೀಲವ್ವ.
ಕಂಸಿಲ್ಲ, ಗೆರಿಯಿಲ್ಲ, ಎಂಟ ಎಂಟು ಇಂಗ್ಲಿಷ್ ಅಕ್ಷರ.
ತಂತ್ರಾಂಶ ತಕರಾರು ತಗೀಲಿಲ್ಲ.
ನಮ್ಮವ್ವ ಇದ್ದಾಗೂ ಹಿಂಗ,
ಬಸ್ಸಿನಾಗರ ಆಗಲಿ ಮದುವಿಮನ್ಯಾಗರ ಆಗಲಿ
ಗೇಣು ಜಾಗ ಕಂಡರ ಹಿಡಿಸತಿದ್ದಳು.

ಅಷ್ಟರಾಗ ಕರೆಂಟ್ ಹೋತು.
ಆಮ್ಯಾಲೆ ಲಾರಿ ಬಂತು, ಚೀಲ ಎಣಿಸಾಕ ಕರದರು.

ಮುಂದಿನ ಶನಿವಾರ ಚೀಟಿ ಹೊರಬಿತ್ತು:
ನೀಲವ್ವ, ತೊಂಬತ್ತೆರಡೂವರೆ ಕಿಲೋ.
ನಾ ಕೈ ಚಾಚೂದರಾಗ ಫಕ್ಕೀರವ್ವ ಅದನ್ನ ಎತಗೊಂಡು
ಬೆಳಕಿಗೆ ಹಿಡದು ಈ ಕಡೆ ಆ ಕಡೆ ನೋಡಿ,
"ಗೆರಿ ತಗದಿ, ಚಲೋ ಆತು" ಅಂದು
ರೊಕ್ಕ ಎಣಿಸಿ ಕುಬಸದಾಗ ಇಟಗೊಂಡಳು.