ಅಂಗುಸ್ತಾನ

ಬೆಂಗೇರಿಯ ಹೊಲಿಗಿ ಹಾಲಿನ್ಯಾಗ
ಕಿಡಕಿ ಕಡೆಯಿಂದ ಎರಡನೇ ಮಿಷನ್ನು ನಂದು.
ಕೇಸರಿಗೆ ಬಿಳಿ, ಬಿಳಿಗೆ ಹಸರು,
ಇಪ್ಪತ್ತೆರಡು ವರ್ಷ.
ಒಂದು ಹೊಲಿಗಿ ಜಿಗಿದರ ಸಾಕು,
ತಪಾಸಣಿ ಮೇಜಿನಿಂದ ಗುರುಬಸವ್ವ
ಸುಣ್ಣದಕಡ್ಡಿ ಗುಂಡು ಹಾಕಿ ಒಗೀತಾಳ:
'ಬಿಚ್ಚು ಫಕೀರವ್ವ, ಮತ್ತ ಹೊಲಿ.'

ಆಗಸ್ಟಿನ ಆರ್ಡರು ತಲಿಮ್ಯಾಲಿದ್ದಾಗ
ಒಂದು ಮಧ್ಯಾಹ್ನ ಎದಿಯೊಳಗ ಹೊಲಿಗಿ ಜಿಗೀತು.
ಮಿಷನ್ನಿಂದ ಅಂದುಕೊಂಡು ಕಾಲು ತಗದೆ.
ಮಿಷನ್ನು ನಿಂತಿತು. ಅದು ನಿಲ್ಲಲಿಲ್ಲ.
ಎರಡು ದಡದಡ, ಒಂದು ಖಾಲಿ,
ಆಮ್ಯಾಲೆ ಡಬ್ಬಿಯೊಳಗ ಸಿಕ್ಕ ಮಿಡತಿ ಹಂಗ.
ಎಣಿಸಾಕ ಹೋದೆ, ಲೆಕ್ಕ ಹತ್ತಲಿಲ್ಲ.

ಕಿಮ್ಸಿನ್ಯಾಗ ಪಟ್ಟಿ ತಗದರು.
ಗುಲಾಬಿ ಚೌಕಳಿ ಹಾಳಿ ಮ್ಯಾಲೆ
ನನ್ನ ಸೊಟ್ಟ ಹೊಲಿಗಿ.
ಡಾಕ್ಟರ್ ಮುನವಳ್ಳಿ, ನನ್ನ ಮಗಳಿಗಿಂತ ಸಣ್ಣಾಕಿ,
ಪೆನ್ನಿನ ತುದಿಯಿಂದ ತೋರಿಸಿದಳು:
'ಮ್ಯಾಲಿನ ಖೋಲಿ ಬಡೀವಲ್ದು, ಬರೇ ನಡಗತೈತಿ.
ನಿಂತ ರಗತ ಹೆಪ್ಪು ಕಟ್ಟತೈತಿ,
ಹೆಪ್ಪು ತಲಿಗೇರಿದರ ಲಕ್ವಾ.
ಎರಡು ಗುಳಿಗಿ. ಒಂದು ಎದಿಗೆ ಲಗಾಮು,
ಒಂದು ರಗತ ತೆಳು ಮಾಡಾಕ.'

ತೆಳು ಅಂದರ ಎಷ್ಟು ತೆಳು?
ನಾ ಕೇಳಿದ್ದು ಅದೊಂದ.
'ಗಾಯ ಆದರ ನಿಲ್ಲಾಕ ತುಸು ತಡಾ, ಅಷ್ಟ.'

ಅಷ್ಟ.
ಹಗ್ಗದ ಪಟ್ಟಿ ಕೈಲೆ ಹೊಲಿಯುವಾಗ
ದಿನಕ್ಕ ಎರಡು ಸಲ ಚುಚ್ಚತೈತಿ ಸೂಜಿ.
ಬೆರಳು ಬಾಯಾಗಿಟ್ಟು ಚೀಪಿದರ ಮುಗೀತು,
ಇಪ್ಪತ್ತೆರಡು ವರ್ಷದ ವೈದ್ಯ ಅದು.
ಇನ್ನ ಬಿಳಿ ಪಟ್ಟಿ ಮ್ಯಾಲೆ ಒಂದು ಹನಿ ಬಿದ್ದರ
ಆ ಬಾವುಟ ಕಂಬ ಏರಂಗಿಲ್ಲ,
ನೆಲಾ ಒರಸಾಕೂ ಬರಂಗಿಲ್ಲ.
ಕೂಲಿ ಪೀಸಿನ ಮ್ಯಾಲೆ ನಮ್ಮದು.

ಗುಳಿಗಿಯೊಳಗೂ ಎರಡು ಜಾತಿ.
ಸೋವೀದು ತಗೊಂಡರ
ತಿಂಗಳಾ ತಿಂಗಳಾ ರಗತದ ತಪಾಸಣಿ,
ಪಲ್ಯದ ಮ್ಯಾಲೂ ಕಣ್ಣು:
ಇವತ್ತು ಎಷ್ಟು ಮೆಂತೆಪಲ್ಯಾನೋ ನಾಳೆನೂ ಅಷ್ಟ.
ರೊಟ್ಟಿ ಮುಂದ ಕುಂತು
ಹಕ್ಕರಕಿ ಎಲಿ ಎಣಿಸಬೇಕೇನು?
ತುಟ್ಟೀದಕ್ಕ ಆ ಕಾಟ ಇಲ್ಲ,
ಅದರ ರೊಕ್ಕದಾಗ ನನ್ನ ಗ್ಯಾಸೂ ಕರೆಂಟೂ ಹೋಗತಾವ.

ದಿಲ್‌ಶಾದ್ ಅಂತಾಳ, ಮತ್ತಿ ತೊಗಟಿ ಕುದಿಸಿ ಕುಡಿ,
ನಮ್ಮ ಮಾವಗ ಹತ್ತಿತ್ತು.
ಅವರ ಮಾವ ಯಾತಕ್ಕ ಸತ್ತ
ಅಂತ ನಾ ಕೇಳಲಿಲ್ಲ.

ಎಂಟೆಂಟು ದಿನ ಸದ್ದಿರಂಗಿಲ್ಲ, ಕಳ್ಳ.
ಉಣಕಲ್ ಕೆರಿ ದಂಡಿಗೆ ಶೇಂಗಾ ತಿನ್ನಕೋತ ಕುಂತಾಗ
ಯಾರಿಗೆ ಬ್ಯಾನಿ, ಯಾಕ ಗುಳಿಗಿ ಅನಸತೈತಿ.
ರಾತ್ರಿ ಎಡ ಮಗ್ಗಲಾದರ ಮತ್ತ ಮಿಡತಿ.
ಒಂದು ಬಡಿತ ಬರೋದು ತಡಾ ಆದಾಗ
ಆ ಖಾಲಿ ಜಾಗದಾಗ
ನಾ ಇಡೀ ಮನಿ ತಿರಗಿ ಬರತೀನಿ:
ಗ್ಯಾಸ್ ಬಂದ್ ಮಾಡೇನಿ, ಚಿಲಕಾ ಹಾಕೇನಿ,
ಮಗಳ ನಂಬರು ಗ್ವಾಡಿ ಮ್ಯಾಲೆ ಐತಿ.
ಬಂತು.

ನಮ್ಮ ಓಣಿಯ ಟೇಲರ್ ಇಮಾಮಸಾಬ
ಲಕ್ವಾ ಹೊಡದ ಮ್ಯಾಲೂ ದಿನಾ ಅಂಗಡಿ ತೆರೀತಾನ.
ಎಡಗೈ ಮೇಜಿನ ಮ್ಯಾಲಿಟ್ಟಿರತಾನ
ಯಾರೋ ಒಯ್ಯಾಕ ಮರೆತ ಅರಿವಿ ಹಂಗ.
ಬಲಗೈ ಸೂಜಿ ಹಿಡೀತೈತಿ,
ದಾರ ಪೋಣಸಾಕ ಇನ್ನೊಂದು ಬೇಕಲ್ಲ.
ಸಾಲಿ ಬಿಟ್ಟು ಮೊಮ್ಮಗ ಬರೂತನಕ ಕಾಯತಾನ.
ನಿನ್ನೆ ನಾ ಪೋಣಿಸಿ ಕೊಟ್ಟೆ.
ಇಬ್ಬರೂ ಮಾತಾಡಲಿಲ್ಲ.

ಇವತ್ತು ದುರ್ಗದಬೈಲಿನ್ಯಾಗ
ಒಂದು ಹಿತ್ತಾಳಿ ಅಂಗುಸ್ತಾನ ಕೊಂಡೆ.
ಕಲಿಯೂ ಹುಡಿಗ್ಯಾರು ಹಾಕೂದು ಅಂತ ನಗತಿದ್ದೆ.
ಹಾಕಿಕೊಂಡರ ಬೆರಳು ನಂದಲ್ಲ ಅನಸತೈತಿ,
ಅರಿವಿ ಎಷ್ಟು ದಪ್ಪ ತಿಳೀವಲ್ದು,
ಸೂಜಿ ಠಣ್ ಅಂತೈತಿ.
ಗುರುಬಸವ್ವ ಚಾಳೀಸಿನ ಮ್ಯಾಲಿಂದ ನೋಡಿದಳು,
ಏನೂ ಅನಲಿಲ್ಲ.

ಡಾಕ್ಟರ್ ಚೀಟಿ ಬಾಬಿನ್ ಡಬ್ಬಿಯೊಳಗ ಮಡಚಿಟ್ಟೇನಿ.
ಗುಳಿಗಿ ಇನ್ನೂ ತಂದಿಲ್ಲ.
ಮೊದಲ ಬೆರಳಿಗೆ ರೂಢಿ ಆಗಲಿ.
ಮೂರು ದಿನ ತಡಿ ಅಂತ ಎದಿಗೆ ಹೇಳೇನಿ.
ಅದು ಹೂಂ ಅಂತು,
ಒಂದು ಬಿಟ್ಟಿತು,
ಮತ್ತ ಹೂಂ ಅಂತು.