ವಾದಿ ಕಬೀರಿನಲ್ಲಿ ಬ್ರೇಕಿನ ಗಾಳಿ ತೆಗೆಯುವುದು

ಮೊದಲು ಡಬ್ಬಿಯ ಮುಚ್ಚಳ ಹಾಕು, ರುಕನ್.
ಬ್ರೇಕ್ ಆಯಿಲಿಗೆ ಬಾಯಾರಿಕೆ ಜಾಸ್ತಿ,
ಮಸ್ಕತ್ತಿನ ಆಗಸ್ಟಿನಲ್ಲಿ ಗಾಳಿಯೇ ಒದ್ದೆ ಬಟ್ಟೆ;
ರಾತ್ರಿಯಿಡೀ ತೆರೆದಿಟ್ಟರೆ ನೀರು ಕುಡಿಯುತ್ತದೆ.
ಕುಡಿದದ್ದು ಇಲ್ಲಿ ಗೊತ್ತಾಗುವುದಿಲ್ಲ.
ಇಳಿಜಾರಿನಲ್ಲಿ, ಡಿಸ್ಕು ಕೆಂಡವಾದಾಗ,
ಒಳಗೊಳಗೇ ಕುದಿದು ಆವಿಯಾಗಿ
ಪಾದದಡಿ ಏನೂ ಇಲ್ಲದಂತೆ ಮಾಡುತ್ತದೆ.

ಕಾರು ಅರವತ್ತಾರರ ಮಸ್ಟಾಂಗ್.
ಹೊಟ್ಟೆಯಲ್ಲೀಗ ಹೊಸ ವಿ-ಎಂಟು ಎಂಜಿನ್,
ಹಳೆಯ ಕ್ಲಚ್ಚಿನ ಸರಳುಗಳಿಗೆ ಜಾಗವಿಲ್ಲ;
ಹಾಗಾಗಿ ಕ್ಲಚ್ಚಿಗೂ ಎಣ್ಣೆಯದೇ ಕೈಕಾಲು.
ಎರಡಕ್ಕೂ ಒಂದೇ ಡಬ್ಬಿ ಸಾಕಲ್ಲ ಎಂದೆಯಲ್ಲ ನಿನ್ನೆ?
ಕ್ಲಚ್ಚು ಸೋರಿದ ದಿನ ಬ್ರೇಕು ಉಪವಾಸ ಬೀಳಬಾರದು, ಮಾರಾಯ.
ಆಗೆಲ್ಲ ನಾಲ್ಕು ಚಕ್ರಕ್ಕೂ ಒಂದೇ ಉಸಿರು;
ಈಗ ಮುಂದಕ್ಕೊಂದು, ಹಿಂದಕ್ಕೊಂದು.
ಪೈಪು ಸೈಲೆನ್ಸರಿನಿಂದ ಒಂದು ಗೇಣು ದೂರ.
ಸ್ಟೇರಿಂಗು ಈ ತುದಿಗೆ ತಿರುಗಿಸು, ಆ ತುದಿಗೆ ತಿರುಗಿಸು,
ರಬ್ಬರು ಎಲ್ಲಾದರೂ ತಾಗಿತೋ, ಮತ್ತೆ ಬಿಚ್ಚು.
ತಾಮ್ರದ ವಾಷರು ಒಮ್ಮೆ ಮಾತ್ರ ಮಣಿಯುತ್ತದೆ.
ಎರಡನೇ ಸಲ ಹಾಕಬೇಡ.

ಇದನ್ನು ಹೇಳುವಾಗ ನನ್ನ ದನಿ ಯಾಕೆ ಇಳಿಯಿತೆಂದು
ನೀನು ಕೇಳಲಿಲ್ಲ.

ಮೊನ್ನೆ ಹಿಂದಿನ ಆಕ್ಸಲಿನ ಹಳೆ ಪೈಪು ಬಿಚ್ಚಿದೆ.
ಬಾಯಿ ಸರಿಯಾಗಿ ಅರಳಿಸಿಲ್ಲ,
ಬಳಸಿದ ವಾಷರನ್ನೇ ತಿರುವಿ ಹಾಕಿದೆ,
ನಟ್ಟಿನ ಮೇಲೆ ಕೆಂಪು ಕ್ಯೂಟೆಕ್ಸಿನ ಗೆರೆ,
ಸೋರಿದ ಎಣ್ಣೆ ಅರ್ಧ ತಿಂದು ಬಿಟ್ಟದ್ದು.

ಆ ಗೆರೆ ನನ್ನದು.
ಬಿಗಿ ಮಾಡಿದ್ದಕ್ಕೆ ಗುರುತು.
ತೊಂಬತ್ತೆಂಟು; ಶಿರ್ವದಿಂದ ಬಂದು ಎರಡನೇ ವರ್ಷ,
ಗುರುವಾರ ಸಂಜೆ, ಕೊನೆಯ ಗಾಡಿ,
ರೂವಿಯಲ್ಲಿ ಫೋನಿನ ಕ್ಯೂ ಬೆಳೆಯುತ್ತಿತ್ತು.
ಮೂರು ಕಡೆ ಬಿಗಿ ಮಾಡಿದೆ,
ನಾಲ್ಕು ಕಡೆ ಗೆರೆ ಎಳೆದೆ.

ಜುವೈನಾ ಹಲ್ಲಿನ ಡಾಕ್ಟರು. ಕಾರು ಅವಳ ಸೋದರಮಾವನದು.
ಕುರಯ್ಯಾತ್ ದಾರಿಯಲ್ಲಿ ಒಮ್ಮೆ ಪೆಡಲು ನೆಲ ಕಂಡಿತಂತೆ,
ಬಂಡೆಗೆ ಮಗ್ಗುಲು ಉಜ್ಜಿಸಿ ನಿಲ್ಲಿಸಿದನಂತೆ,
ಶೆಡ್ಡಿಗೆ ತಳ್ಳಿದವನು ಮತ್ತೆ ಹೊರಗೆ ತೆಗೆಯಲೇ ಇಲ್ಲವಂತೆ.
ನಗುತ್ತಲೇ ಹೇಳಿದಳು, ಮಾವನ ಧೈರ್ಯದ ಕತೆಯೆಂಬಂತೆ.
ನಾನು ಸ್ಪ್ಯಾನರು ಒರೆಸುತ್ತಿದ್ದೆ.
ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಈಗ ಅವಳು ಸೀಟಿನಲ್ಲಿ, ನಾನು ಅಡಿಯಲ್ಲಿ.
ದೂರದ ಚಕ್ರ ಮೊದಲು.
ಒತ್ತು. ಹಿಡಿ.
ನಿಪ್ಪಲು ಕಾಲು ಸುತ್ತು ಸಡಿಲ;
ಗಾಜಿನಂಥ ಕೊಳವೆಯಲ್ಲಿ ಗುಳ್ಳೆ, ಗುಳ್ಳೆಯ ಬೆನ್ನಿಗೆ ಗುಳ್ಳೆ.
ಮುಚ್ಚಿದೆ. ಈಗ ಬಿಡು.
ಮುಚ್ಚಿದೆ ಎನ್ನುವ ಮೊದಲೇ ಕಾಲು ತೆಗೆದರೆ
ಹೋದ ಗಾಳಿ ಹಾಗೇ ವಾಪಸು.
ಅವಳು ಒಮ್ಮೆಯೂ ತೆಗೆಯಲಿಲ್ಲ,
ಮುಖ ಕಾಣದ ಒಬ್ಬನ ಮುರುಕು ಅರಬಿಗೆ
ಪಾದ ಒಪ್ಪಿಸಿ ಕೂತಿದ್ದಳು.

ಒತ್ತು. ಹಿಡಿ.
ಡಾಕ್ಟರೇ, ಆ ಹಳೆ ಪೈಪು ಹಾಕಿದವ ನಾನು.

ಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.
ಪೆಡಲು ಅಲುಗಲಿಲ್ಲ.
ಆಮೇಲೆ, ಹಿಡಿದೇ ಇದ್ದೇನೆ ಉಸ್ತಾದ್, ಬಿಡಲೋ?

ಬೇಡ. ಇನ್ನೂ ಬರುತ್ತಿದೆ.
ರುಕನ್, ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ನೋಡು.