ಹೆಂಗಸರ ಬಾಗಿಲು

ಕೌಲ್ ಬಜಾರಿನ ರದ್ದಿ ಅಂಗಡಿಯಲ್ಲಿ
ತಕ್ಕಡಿಗೆ ಬೀಳುವ ಮೊದಲೇ ಎತ್ತಿಕೊಂಡೆ.
ರಟ್ಟಿನ ಮೇಲೆ ಅದೇ ಹ್ಯಾಟು, ಅದೇ ಸೇತುವೆ.
ಹನ್ನೊಂದು ವಾರ ಓಡಿತ್ತು ನಮ್ಮ ಟಾಕೀಸಿನಲ್ಲಿ;
ಹೆಂಗಸರ ಬಾಗಿಲಿಗೆ ನಾನು, ಕೈಯಲ್ಲಿ ಬ್ಯಾಟರಿ.

ಕಂಡದ್ದು ಮೊದಲಿನ ಹತ್ತು ನಿಮಿಷ,
ತಡವಾಗಿ ಬಂದವರ ಕಾಲಿಗೆ ಬೆಳಕು ಹಿಡಿಯುತ್ತ;
ಆಮೇಲೆ ಕೊನೆಯ ಹತ್ತು,
ಚಿಲಕ ತೆಗೆದು ಪರದೆ ಹಿಡಿದು ನಿಂತಾಗ.
ಅವನು ರೈಲಿಳಿಯುತ್ತಿದ್ದ. ಅವನು ಸೇತುವೆಯಿಂದ ಹಾರುತ್ತಿದ್ದ.
ನಡುವಿನದೆಲ್ಲ ಹೊರಗೆ, ಶೇಂಗಾ ಸುಲಿಯುತ್ತ,
ಗೋಡೆಯಾಚೆಯ ಗುಂಡು ಎಣಿಸಿದ್ದು: ಹದಿನಾರು.

ಪುಸ್ತಕದಲ್ಲಿ ನೂರಾ ನಲವತ್ತು ಪುಟ ಆಯಿತು,
ಒಂದೂ ಹಾರಿಲ್ಲ.
ಬಾಡಿಗೆ ಕೋಣೆಯಲ್ಲಿ ಕೂತಿದ್ದಾನೆ, ಹೊಟ್ಟೆಯುರಿಗೆ ಸೋಡಾ ಕುಡಿಯುತ್ತ,
ಎದುರು ಮನೆಗೆ ಯಾರು ಬಂದರು, ಯಾರು ಹೋದರು
ಚೀಟಿಯಲ್ಲಿ ಬರೆದುಕೊಳ್ಳುತ್ತ.
ಹೆಸರು ಮಾತ್ರ ದೊಡ್ಡದು, ಗೂಢಚಾರ.
ಕೆಲಸ ನೋಡಿದರೆ
ಬಾಗಿಲು ಕಾಯೋದು.
ಸಂಬಳವೂ ನನ್ನ ಹಾಗೆ ತಿಂಗಳು ತಡ.

ದ್ರೋಹಿ ಯಾರೆಂದು ಮೊದಲೇ ಗೊತ್ತು ನನಗೆ.
ದಿನಕ್ಕೆ ಮೂರು ಸಲ ಸಾಯುತ್ತಿದ್ದ,
ಹೆಂಗಸರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು, ನಾನೂ,
ಬ್ಯಾಟರಿ ಕಂಕುಳಲ್ಲಿ ಇರುಕಿಕೊಂಡು.
ಇಲ್ಲಿ ಅವನೇ ಗೆಳೆಯನಿಗೆ ಚಹಾ ಸೋಸುತ್ತಾನೆ,
ತಳದ ಗಷ್ಟು ತನ್ನ ಲೋಟಕ್ಕೆ ಬಿಟ್ಟುಕೊಂಡು;
ನಿನ್ನ ತಂಗಿಯ ಕಾಗದ ಬಂತೇನು, ಕೇಳುತ್ತಾನೆ.
ಸುಳ್ಳಿರಬಹುದು. ಆ ಸಾಲನ್ನೇ ಹುಡುಕಿ ಹುಡುಕಿ ನಾಲ್ಕು ಸಲ ಓದಿದೆ;
ಸುಳ್ಳಿನ ಗುರುತು ಸಿಗಲಿಲ್ಲ.

ಕರೆಂಟು ಹೋಯಿತು. ಫೂಲಾಬಿ ಕೂಗುತ್ತಾಳೆ,
ಮಾಳಿಗೆಗೆ ಬಾ ಅಕ್ಕಾ, ಗಾಳಿ ಐತಿ.
ಹಳೇ ಬ್ಯಾಟರಿ ಇನ್ನೂ ಹತ್ತುತ್ತದೆ.
ಹತ್ತೇ ಪುಟ ಉಳಿದಿದೆ,
ಹೆಬ್ಬೆರಳು ಹಾಳೆಯಂಚಿನಲ್ಲಿ, ಚಿಲಕದ ಮೇಲಿಟ್ಟ ಹಾಗೆ.
ತೆಗೆಯುವುದಿಲ್ಲ ಈಗಲೇ.
ಅವರಿಬ್ಬರ ಚಹಾ ಮುಗಿಯಲಿ.